ಹೆವಿ ಮೆಟಲ್‌ಗೆ ಯಾವ ಊರು? ಸೆಪಲ್ಟುರಾ, ಕ್ರಿಪ್ಟೋಸ್ ಮತ್ತು ರಾಯದುರ್ಗದ ಒಂದು ಪ್ರಶ್ನೆ

ಗಡಿನಾಡಿನ ಇತಿಹಾಸದ ಗೋಷ್ಠಿಯಲ್ಲಿ ಹೆವಿ ಮೆಟಲ್ ಯಾಕೆ ಅಂತ ಕೆಲವರು ನಗಬಹುದು. ಕಾರಣ ಇದೆ. ರಾಯದುರ್ಗ, ಮಡಕಶಿರಾ ಕಡೆಯ ಕಲೆ ಅಂದ ಕೂಡಲೇ ಎಲ್ಲರೂ ಬೇರು ಹುಡುಕುತ್ತಾರೆ. ಉರುಮೆ ಬಾರಿಸಿದರೆ ಸಂಸ್ಕೃತಿ, ಗಿಟಾರ್ ಹಿಡಿದರೆ ಅನುಕರಣೆ. ಈ ವಿಂಗಡಣೆ ನಿಲ್ಲುತ್ತದೆಯೇ ಎಂಬುದು ನನ್ನ ಪ್ರಶ್ನೆ.

ಬೇರಿನ ಮಾತು ಬಂದಾಗ ಬ್ರೆಜಿಲ್‌ನ ಸೆಪಲ್ಟುರಾ ತಂಡವನ್ನು ಮಾದರಿಯಾಗಿ ತೋರಿಸುತ್ತಾರೆ. ಅದು ಹುಟ್ಟಿದ್ದು 1984ರಲ್ಲಿ, ಮಿನಾಸ್ ಜೆರೈಸ್ ರಾಜ್ಯದ ಬೆಲೊ ಹೊರಿಜಾಂಟೆಯಲ್ಲಿ. ಆ ರಾಜ್ಯದ ಹೆಸರಲ್ಲೇ ಗಣಿ ಇದೆ. ಕಬ್ಬಿಣದ ಅದಿರಿನ ಸೀಮೆ. ಓಬಳಾಪುರಂ ಪಕ್ಕದವರಾದ ನಮಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. 1964ರಿಂದ ನಡೆದಿದ್ದ ಮಿಲಿಟರಿ ಆಳ್ವಿಕೆ 1985ರಲ್ಲಿ ಮುಗಿಯಿತು. ಮ್ಯಾಕ್ಸ್ ಮತ್ತು ಇಗೊರ್ ಕವಲೇರಾ ಎಂಬ ಅಣ್ಣತಮ್ಮಂದಿರಿಗೆ ಆಗ ಇಂಗ್ಲಿಷ್ ನೆಟ್ಟಗೆ ಬರ್ತಿರಲಿಲ್ಲ. ಆದರೂ ಇಂಗ್ಲಿಷಲ್ಲೇ ಹಾಡಿದರು. 'ಬಿನೀತ್ ದ ರಿಮೇನ್ಸ್' (1989), 'ಅರೈಸ್' (1991) ಅವರನ್ನು ಹೊರದೇಶಗಳಿಗೆ ಒಯ್ದವು. ಶವಾಂತೆ ಬುಡಕಟ್ಟಿನವರ ಜೊತೆ ಕೂತು ಮುದ್ರಿಸಿದ 'ರೂಟ್ಸ್' ಬಂದದ್ದು 1996ರಲ್ಲಿ. ಗಮನಿಸಿ, ಹನ್ನೆರಡು ವರ್ಷಗಳ ನಂತರ. ಅದೇ ವರ್ಷದ ಕೊನೆಗೆ ಮ್ಯಾಕ್ಸ್ ತಂಡ ಬಿಟ್ಟ. ವಿಮರ್ಶಕರು ಆ ಒಂದು ಆಲ್ಬಮ್ಮನ್ನೇ ಇಡೀ ಕತೆ ಮಾಡಿಬಿಡುತ್ತಾರೆ.

ಈಗ ಬೆಂಗಳೂರಿಗೆ ಬರೋಣ. ಕ್ರಿಪ್ಟೋಸ್ ಶುರುವಾದದ್ದು 1998ರಲ್ಲಿ. ನೋಲನ್ ಲೂಯಿಸ್ ಮತ್ತು ಗಣೇಶ್ ಕೃಷ್ಣಸ್ವಾಮಿ ಕಟ್ಟಿದ ತಂಡ. ಮೊದಲ ಆಲ್ಬಮ್ 'ಸ್ಪೈರಲ್ ಅಸೆಂಟ್' ಹೊರಬರಲು 2004ರವರೆಗೆ ಕಾಯಬೇಕಾಯಿತು. ಐರನ್ ಮೇಡನ್ ಅರಮನೆ ಮೈದಾನಕ್ಕೆ ಬಂದದ್ದೇ 2007ರ ಮಾರ್ಚ್ 17ರಂದು. ಅಂದರೆ ಆ ದೊಡ್ಡ ಕಾರ್ಯಕ್ರಮಕ್ಕಿಂತ ಮೊದಲೇ ಇಲ್ಲಿ ತಂಡಗಳಿದ್ದವು, ಕೇಳುಗರಿದ್ದರು. ಕ್ರಿಪ್ಟೋಸ್ 2013ರಲ್ಲಿ ಜರ್ಮನಿಯ ವಾಕನ್ ಉತ್ಸವದಲ್ಲಿ ನುಡಿಸಿತು. 2016ರ 'ಬರ್ನ್ ಅಪ್ ದ ನೈಟ್' ಜರ್ಮನಿಯ ಎಎಫ್‌ಎಂ ಕಂಪನಿಯಿಂದ ಬಂತು. 2024ರ 'ಡೆಸಿಮೇಟರ್' ಏಳನೆಯದು. ಈ ಏಳರಲ್ಲೂ ತಬಲಾ, ಮೃದಂಗ ತುರುಕುವ ಆಸೆ ಅವರಿಗೆ ಹುಟ್ಟಲಿಲ್ಲ. ಎಂಬತ್ತರ ದಶಕದ ಯುರೋಪಿನ ಹೆವಿ ಮೆಟಲ್ಲೇ ತಮ್ಮದು ಅಂತ ಹಿಡಿದು ಕೂತರು. ಆ ಹಟ ನನಗೆ ಇಷ್ಟ. ಕಾಲು ಶತಮಾನ ಒಂದು ಕಸುಬು ಮಾಡಿದವರನ್ನು ಅನುಕರಿಸುವವರು ಅನ್ನೋದು ಸೋಮಾರಿತನ.

ಗಣೇಶ್ ಮುಂದೆ ಸೇರಿದ ತಂಡದ ಹೆಸರು ಬೆವರ್ ಸೀ. ಜೋರಾಗಿ ಹೇಳಿ ನೋಡಿ, ನಮ್ಮ ಬೈಗುಳ ಕೇಳಿಸುತ್ತೆ. ಬೇವಾರ್ಸಿ, ಅಂದರೆ ವಾರಸುದಾರ ಇಲ್ಲದವನು. ಅದೂ ಪಾರ್ಸಿ ದಾರಿಯಿಂದ ಬಂದ ಪದ.

ನನಗೆ ಆ ಪದ ಬೇರೆ ಕಾರಣಕ್ಕೆ ಚುಚ್ಚುತ್ತದೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಏಳು ತಾಲ್ಲೂಕು ಮೈಸೂರಿಗೆ ಸೇರಿದವು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಮಡಕಶಿರಾವಂತೂ 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಯಾಯಿತು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು. ಇಂಥ ಊರಿನ ಹುಡುಗ ಇಂಗ್ಲಿಷಲ್ಲಿ ಅರಚಿದರೆ ಅವನನ್ನು ಯಾವ ಬೇರಿಗೆ ವಾಪಸ್ ಕಳಿಸ್ತೀರಿ?

ಉರುಮೆಯ ಒಂದು ಮುಖವನ್ನು ಬಾಗಿದ ಕೋಲಿನಿಂದ ಉಜ್ಜುತ್ತಾರೆ; ಗುರುಗುಟ್ಟುವ ದನಿ ಬರುತ್ತದೆ. ಅದನ್ನು ದೇಸಿ ಮೆಟಲ್ ಅಂತ ಕರೆಯೋದು ನನಗೆ ಒಪ್ಪಿಗೆಯಿಲ್ಲ. ಉರುಮೆಯವರು ಬಾರಿಸೋದು ದೇವರ ಮುಂದೆ, ಅವರ ಲೆಕ್ಕವೇ ಬೇರೆ. ಸಮಯ ಆಯ್ತು ಅಂತ ಅಧ್ಯಕ್ಷರು ಬರೆದಿದ್ದಾರೆ. ಪ್ರಶ್ನೆಗಳಿದ್ದರೆ ಕೇಳಿ.