ಹತಾರ, ಕಾವಲು ಮತ್ತು ಸರಕಾರ: ಹಲಗಲಿಯ ನಿಶ್ಶಸ್ತ್ರೀಕರಣದ ಮರುನೋಟ

ಊರಿನ ಕಾವಲಿಗೆ ಬೇಕಾದ ಆಯುಧ ಯಾರ ಕೈಯಲ್ಲಿರಬೇಕೆಂಬ ಪ್ರಶ್ನೆ ಹತ್ತೊಂಬತ್ತನೆಯ ಶತಮಾನದ ಕನ್ನಡ ನಾಡಿನಲ್ಲಿ ಜನರ ಬದುಕನ್ನೇ ಅಲುಗಿಸಿತು. ಮುಧೋಳ, ಜಮಖಂಡಿ, ರಾಮದುರ್ಗ, ನರಗುಂದಗಳು ಒಂದೆಡೆ, ಸಾತಾರೆಯ ಜಹಗೀರುಗಳಾಗಿದ್ದ ಜತ್ತ, ಅಕ್ಕಲಕೋಟೆಗಳು ಇನ್ನೊಂದೆಡೆ. ಹೀಗೆ ಕನ್ನಡ ಮಾತನಾಡುವ ಒಂದೇ ಭೂಭಾಗ ಅನೇಕ ಸಂಸ್ಥಾನಗಳಲ್ಲಿ ಹಂಚಿಹೋಗಿತ್ತು. ಇಂದಿನ ರಾಜ್ಯ ಗಡಿ ಆಗ ಇರಲಿಲ್ಲ. ಆದ್ದರಿಂದ 1857ರ ಹಲಗಲಿಯ ಪ್ರಕರಣವನ್ನು ಒಂದು ಊರಿನ ದಂಗೆಯೆಂದಷ್ಟೇ ಓದದೆ, ಈ ಇಡೀ ಸೀಮೆಯಲ್ಲಿ ಕಾವಲಿನ ವ್ಯವಸ್ಥೆ ಹೇಗೆ ಬದಲಾಯಿತೆಂಬುದರ ಸಾಕ್ಷ್ಯವಾಗಿ ಓದುವುದು ಯುಕ್ತ.

ಕಂಪನಿ ಸರಕಾರಕ್ಕೆ ಮುಂಚೆ ಇಲ್ಲಿ ಆಯುಧಧಾರಿಯೂ ಊರಿನ ರಕ್ಷಕನೂ ಬಹುಮಟ್ಟಿಗೆ ಒಬ್ಬನೇ. ಶೇತಸನದಿಗಳು ಸನದಿನ ಮೂಲಕ ದೊರೆತ ಹೊಲವನ್ನು ಉಂಡು, ಪ್ರತಿಯಾಗಿ ಕತ್ತಿ ಬಂದೂಕು ಹಿಡಿದು ಸೇವೆ ಸಲ್ಲಿಸುತ್ತಿದ್ದರು. ಬೇಡರು ಬೇಟೆಯ ಜೊತೆಗೆ ಕಾವಲನ್ನೂ ನಾಯಕರ ಸೈನ್ಯದ ಕೆಲಸವನ್ನೂ ಮಾಡಿಕೊಂಡು ಬಂದವರು. ಅವರ ಮನೆಯ ಹತಾರ ಅನ್ನದ ದಾರಿ, ಮನೆತನದ ಮಾನ, ಊರಿನೊಂದಿಗಿನ ಕರಾರಿನ ಗುರುತು. 1829–30ರಲ್ಲಿ ಕಂಪನಿಯ ವಿರುದ್ಧ ಎದ್ದ ಸಂಗೊಳ್ಳಿ ರಾಯಣ್ಣನೂ ಶೇತಸನದಿಯೇ ಆಗಿದ್ದನೆಂಬುದು ಇಲ್ಲಿ ಗಮನಾರ್ಹ. ಭೂಮಿಯೂ ಆಯುಧವೂ ಒಂದೇ ಸನದಿನಲ್ಲಿ ಹೆಣೆದುಕೊಂಡಿದ್ದಾಗ ಒಂದನ್ನು ಮುಟ್ಟಿದರೆ ಇನ್ನೊಂದು ಕದಲುತ್ತಿತ್ತು.

ಇದೇ ಕಾಲದಲ್ಲಿ ಸರಕಾರದ ಕಡೆಯ ಕಾವಲು ಬೇರೊಂದು ರೂಪ ತಾಳುತ್ತಿತ್ತು. 1843ರಲ್ಲಿ ಸಿಂಧ್ ಪ್ರಾಂತವನ್ನು ಗೆದ್ದ ಚಾರ್ಲ್ಸ್ ನೇಪಿಯರ್, ಐರ್ಲೆಂಡಿನ ಸಶಸ್ತ್ರ ಕಾನ್‌ಸ್ಟೇಬಲ್ ಪಡೆಯ ಮಾದರಿಯಲ್ಲಿ ಅಲ್ಲಿ ಪೊಲೀಸು ಕಟ್ಟಿದನು. ಆಳಿಸಿಕೊಳ್ಳಲು ಒಪ್ಪದ ಜನರನ್ನು ಹತೋಟಿಯಲ್ಲಿಡಲು ಹುಟ್ಟಿದ ಮಾದರಿ ಅದು. ಕವಾಯತು, ಸಮವಸ್ತ್ರ, ದಳದ ಶಿಸ್ತು ಅದರ ಲಕ್ಷಣಗಳು. ಮುಂಬಯಿ ಇಲಾಖೆ 1853ರಲ್ಲಿ ಆ ದಾರಿಯನ್ನು ಅನುಸರಿಸಿ ಜಿಲ್ಲೆಗಳ ಪೊಲೀಸನ್ನು ಪ್ರತ್ಯೇಕ ಸೂಪರಿಂಟೆಂಡೆಂಟರ ಕೈಗೆ ಒಪ್ಪಿಸಿತು. ಊರಿನ ಕಾವಲುಗಾರ ಊರಿಗೆ ಉತ್ತರ ಹೇಳಬೇಕಾಗಿತ್ತು. ಹೊಸ ಪೊಲೀಸು ಮೇಲಿನ ಕಚೇರಿಗೆ ಉತ್ತರ ಹೇಳಿದರೆ ಸಾಕಾಗಿತ್ತು.

1857ರ 28ನೆಯ ಕಾಯ್ದೆ ಈ ಬದಲಾವಣೆಯ ಮತ್ತೊಂದು ಮುಖವನ್ನು ಬಯಲಿಗಿಟ್ಟಿತು. ಆಯುಧ ಇಟ್ಟುಕೊಳ್ಳಲು ಸರಕಾರದ ಅಪ್ಪಣೆ ಬೇಕೆಂಬ ನಿಯಮ ಮುಧೋಳ ಸಂಸ್ಥಾನದ ಹಲಗಲಿಗೆ ತಲುಪಿದಾಗ ಅಲ್ಲಿಯ ಬೇಡರು ಒಪ್ಪಲಿಲ್ಲ. ನವೆಂಬರ್ ಕೊನೆಯಲ್ಲಿ ಕುದುರೆ ದಂಡು ಬಂದು ಊರನ್ನು ಸುಟ್ಟಿತು. ಅನೇಕರು ಸತ್ತರು, ನೂರಾರು ಜನ ಸೆರೆಯಾದರು. ಡಿಸೆಂಬರ್ 11ರಂದು ಮುಧೋಳದಲ್ಲಿ 13 ಜನರನ್ನೂ 14ರಂದು ಹಲಗಲಿಯಲ್ಲಿ 6 ಜನರನ್ನೂ ಗಲ್ಲಿಗೇರಿಸಲಾಯಿತು.

ಆಯುಧ ಹೊಂದಿದವರ ಮನೋಭಾವ ಸರಕಾರಿ ಕಾಗದಗಳಲ್ಲಿ ‘ದಂಗೆ’ ಎಂಬ ಒಂದು ಮಾತಿನಲ್ಲಿ ಮುಗಿದುಹೋಗುತ್ತದೆ. ಅದನ್ನು ತಿಳಿಯಲು ನಮಗೆ ಉಳಿದಿರುವ ಆಧಾರ ಲಾವಣಿ. ಜಾನ್ ಫೇತ್‌ಫುಲ್ ಫ್ಲೀಟ್ ಸಂಗ್ರಹಿಸಿದ ಕನ್ನಡ ಲಾವಣಿಗಳಲ್ಲಿ ಹಲಗಲಿಯ ಕಥನವೂ ಸೇರಿದೆ. ಹತಾರ ಕೊಟ್ಟು ಬದುಕುವುದು ಸಾವಿಗೆ ಸಮವೆಂಬ ನಿರ್ಧಾರ ಅದರ ಮೂಲಸ್ವರ. ಆದರೆ ಇತಿಹಾಸಕಾರನಿಗೆ ಅದಕ್ಕಿಂತ ಬೆಲೆಯುಳ್ಳದ್ದು ಲೂಟಿಯ ವರ್ಣನೆ. ಆಯುಧ ಕಸಿಯಲು ಬಂದ ದಂಡು ಕೊಡಲಿ, ಬೀಸುಕಲ್ಲು, ಮಂಗಳಸೂತ್ರ, ಅಡುಗೆಯ ಸಾಮಾನುಗಳನ್ನೂ ಬಿಡಲಿಲ್ಲವೆಂದು ಲಾವಣಿಕಾರ ಎಣಿಸಿ ಹೇಳುತ್ತಾನೆ. ಕಾವ್ಯದ ಉತ್ಪ್ರೇಕ್ಷೆಗೆ ಬೇಕಾದಷ್ಟು ರಿಯಾಯಿತಿ ಕೊಟ್ಟರೂ, ನಿಶ್ಶಸ್ತ್ರೀಕರಣವನ್ನು ಜನ ಕಾನೂನಿನ ಜಾರಿಯೆಂದು ಕಾಣದೆ ಮನೆಯೊಳಗೆ ನುಗ್ಗಿದ ಯುದ್ಧವೆಂದು ಕಂಡರೆಂಬುದು ಇದರಿಂದ ಸ್ಪಷ್ಟ.

ಮುಂದಿನ ಶಾಸನಗಳು ಈ ಅಂತರವನ್ನು ಸ್ಥಿರಗೊಳಿಸಿದವು. 1860ರ 31ನೆಯ ಕಾಯ್ದೆಯೂ 1878ರ 11ನೆಯ ಕಾಯ್ದೆಯೂ ಪರವಾನಗಿಯ ಪದ್ಧತಿಯನ್ನು ಬಿಗಿಗೊಳಿಸಿದವು. 1878ರ ವ್ಯವಸ್ಥೆಯಲ್ಲಿ ಯುರೋಪಿಯನ್ನರಿಗೆ ವಿನಾಯಿತಿ ಇತ್ತು. ಮುಂಬಯಿ ಇಲಾಖೆಯಲ್ಲಿ 1867ರ 7ನೆಯ ಕಾಯ್ದೆ ಜಿಲ್ಲಾ ಪೊಲೀಸಿಗೆ, 8ನೆಯ ಕಾಯ್ದೆ ಗ್ರಾಮ ಪೊಲೀಸಿಗೆ ಎಂದು ಎರಡಾದವು. ಒಂದು ಕಾಲದಲ್ಲಿ ಸನದುದಾರನ ಒಂದೇ ದೇಹದಲ್ಲಿದ್ದ ಬಂದೂಕೂ ಕಾವಲೂ ಹೀಗೆ ಬೇರೆ ಬೇರೆ ಶಾಸನಗಳ ಪಾಲಾದವು.

ಎಲ್ಲೆಡೆಯೂ ಹೀಗಾಗಲಿಲ್ಲವೆಂಬುದು ವಿಚಾರಕ್ಕೆ ಇನ್ನಷ್ಟು ಬೆಳಕು ಚೆಲ್ಲುತ್ತದೆ. ವಯನಾಡಿಗೆ ಹೊಂದಿಕೊಂಡ ಕೊಡಗಿನಲ್ಲಿ 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ಆಯುಧ ಕಾಯ್ದೆಯಿಂದ ವಿನಾಯಿತಿ ಕೊಟ್ಟನು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಆ ವಿನಾಯಿತಿ ಇಂದಿಗೂ ಮುಂದುವರಿದಿದೆ. 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರವರೆಗೆ ವಿಸ್ತರಿಸಿತು. ಕೊಡವರಿಗೂ ಬಂದೂಕು ಬೇಟೆಯ, ಹಬ್ಬದ, ಮನೆತನದ ವಸ್ತು. ಬೇಡರಿಗೂ ಹತಾರ ಹಾಗೆಯೇ. ವ್ಯತ್ಯಾಸವಿದ್ದುದು ಆಳುವವರ ನೋಟದಲ್ಲಿ. ಕಾಸರಗೋಡನ್ನೂ ಒಳಗೊಂಡಿದ್ದ ಕೆನರಾ ಜಿಲ್ಲೆಗೆ 1837ರಲ್ಲಿ ಸುಳ್ಯದ ಕಡೆಯಿಂದ ದಂಗೆ ಹಬ್ಬಿದಾಗ ಕಂಪನಿಯ ಪರ ನಿಂತ ಕೊಡಗಿನವರಿಗೆ ಪದಕಗಳು ದೊರೆತಿದ್ದವು. ನಿಷ್ಠೆ ತೋರಿದವನ ಕೋವಿ ಗೌರವದ ಚಿಹ್ನೆಯಾಯಿತು; ಸಂಶಯಕ್ಕೊಳಗಾದವನ ಹತಾರ ಅಪರಾಧದ ಸಾಕ್ಷಿಯಾಯಿತು.

ಹಲಗಲಿಯ ಬೇಡರು ಕಾವಲನ್ನು ವಿರೋಧಿಸಿದವರೆಂದು ಹೇಳಲು ಆಧಾರವಿಲ್ಲ. ಕಾವಲು ಅವರ ಕುಲದ ಕಸುಬುಗಳಲ್ಲಿ ಒಂದಾಗಿತ್ತು. ಊರು ಬರಿಗೈಯಾಗಿ, ತನಗೆ ಉತ್ತರ ಕೊಡದ ದಂಡು ಮಾತ್ರ ಸಶಸ್ತ್ರವಾಗಿರುವ ಏರ್ಪಾಡನ್ನು ಅವರು ನಂಬಲಿಲ್ಲ. ಸುಟ್ಟ ಊರು ಆ ಅಪನಂಬಿಕೆ ನಿರಾಧಾರವಲ್ಲವೆಂದು ತೋರಿಸಿತು. ಹಲಗಲಿ ಇಂದು ಬಾಗಲಕೋಟೆ ಜಿಲ್ಲೆಯಲ್ಲಿದೆ. ಅದೇ ಸೀಮೆಯ ಜತ್ತ, ಅಕ್ಕಲಕೋಟೆಗಳು ಮಹಾರಾಷ್ಟ್ರದಲ್ಲಿವೆ. ಅಲ್ಲಿಯ ಕನ್ನಡ ಮನೆಗಳಲ್ಲಿ ಉಳಿದಿರಬಹುದಾದ ಸನದುಗಳನ್ನೂ ಹಾಡುಗಳನ್ನೂ ಹಲಗಲಿಯ ಲಾವಣಿಯ ಪಕ್ಕದಲ್ಲಿಟ್ಟು ಓದುವ ಕೆಲಸ ಗಡಿಯ ಎರಡೂ ಕಡೆಯ ಸಂಶೋಧಕರದು. ಕಾಗದದ ಮೇಲಿನ ‘ದಂಗೆ’ಗೆ ಊರಿನವರ ಉತ್ತರ ದೊರೆಯುವುದಿದ್ದರೆ ಅಲ್ಲಿಯೇ.