ಬಾವೂಜಿ, ಒಂದು ಲೈನ್ ಕೊಡಿ

ಕಳೆದ ತಿಂಗಳು ದ್ವಾರಕಾದ ನಮ್ಮ ಸೊಸೈಟಿಯ ಗಾರ್ಡ್ ರೂಮಿನಿಂದ ಒಂದು ಪೆಟ್ಟಿಗೆಯನ್ನು ಇಳಿಸಿದರು. ಗೋಡೆಗೆ ಮೊಳೆ ಹೊಡೆದು ನಿಲ್ಲಿಸಿದ್ದ, ಸೂಟ್‌ಕೇಸಿನಷ್ಟು ದೊಡ್ಡ, ಬೂದು ಬಣ್ಣದ ತಗಡಿನ ಪೆಟ್ಟಿಗೆ. ಅದರ ಕೆಳಗಿನಿಂದ ನೂರಾರು ತೆಳು ತಂತಿಗಳು ಜಡೆಯ ಹಾಗೆ ಹೆಣೆದುಕೊಂಡು ಎಲ್ಲ ಫ್ಲಾಟುಗಳಿಗೂ ಹೋಗುತ್ತಿದ್ದವು. ಕಬಾಡಿಯವನು ತೂಕ ಹಾಕಿದ, ದುಡ್ಡು ಎಣಿಸಿ ಕೊಟ್ಟ, ರಿಕ್ಷಾದ ಮೇಲೆ ಹೇರಿಕೊಂಡು ಹೊರಟೇ ಹೋದ. ಇನ್ನು ಮೇಲೆ ಗೇಟಿಗೆ ಯಾರು ಬಂದರೂ ಮೊಬೈಲ್ ಆಪ್‌ನಲ್ಲಿ ಹೆಸರು ಬರುತ್ತದೆ, ನಾವು ಬೆರಳು ಒತ್ತಿದರೆ ಆಯಿತು.

ಕಮಿಟಿ ಮೀಟಿಂಗಿನಲ್ಲಿ ತಕರಾರು ಎತ್ತಿದವನು ನಾನೊಬ್ಬನೇ. ಮೂರನೇ ಮಹಡಿಯಲ್ಲಿ ಒಂಟಿಯಾಗಿರುವ ಮಾತಾಜಿಯ ಹತ್ತಿರ ಸ್ಮಾರ್ಟ್‌ಫೋನ್ ಇಲ್ಲ. ಅವರಿಗೆ ಔಷಧಿಯವನು ಬಂದದ್ದು ಗೊತ್ತಾಗುವುದು ಹೇಗೆ? "ಅವರ ಮಗನ ನಂಬರ್ ಹಾಕೋಣ" ಅಂದರು. ಮಗ ಇರುವುದು ಗುರುಗ್ರಾಮದಲ್ಲಿ. ಅಂದರೆ ದ್ವಾರಕಾದ ಗೇಟಿಗೆ ಬಂದವನನ್ನು ಒಳಗೆ ಬಿಡಬೇಕೋ ಬೇಡವೋ ಅಂತ ಗುರುಗ್ರಾಮದಲ್ಲಿ ತೀರ್ಮಾನವಾಗಬೇಕು! ಬಹುಮತ ಅವರ ಕಡೆಗಿತ್ತು, ಇರಲಿ.

ಆ ಪೆಟ್ಟಿಗೆಗೆ ಇಪಿಎಬಿಎಕ್ಸ್ ಅಂತ ಹೆಸರು. ನಿಮ್ಮಲ್ಲಿ ಆಫೀಸಿನಲ್ಲಿ ಕೂತು ಕೆಲಸ ಮಾಡಿದವರಿಗೆಲ್ಲ ಗೊತ್ತಿರುತ್ತದೆ. ಒಳಗೆ ಮಾತಾಡಲು ಮೂರಂಕಿಯ ನಂಬರ್, ಹೊರಗೆ ಮಾತಾಡಬೇಕಾದರೆ ಮೊದಲು ಸೊನ್ನೆಯನ್ನೋ ಒಂಬತ್ತನ್ನೋ ಒತ್ತಬೇಕು. ಒಳಗಿನ ಕರೆಗೆ ಬಿಲ್ಲಿಲ್ಲ. ಅರವತ್ತು ಮೇಜುಗಳಿಗೆ ಅರವತ್ತು ಲೈನು ಬೇಕಾಗಿಲ್ಲ, ಎಂಟು ಸಾಕು. ಬ್ಯಾಂಕಿನವನಾದ ನನಗೆ ಇದು ತಕ್ಷಣ ಅರ್ಥವಾದ ಲೆಕ್ಕ. ಠೇವಣಿದಾರರೆಲ್ಲ ಒಂದೇ ದಿನ ದುಡ್ಡು ಕೇಳುವುದಿಲ್ಲ ಎಂಬ ನಂಬಿಕೆಯ ಮೇಲೆ ತಾನೆ ನಮ್ಮ ವ್ಯಾಪಾರ ನಡೆಯುವುದು? ಹಾಗೆಯೇ ಎಲ್ಲರೂ ಒಂದೇ ಕ್ಷಣದಲ್ಲಿ ಹೊರಗಿನ ಲೈನ್ ಕೇಳುವುದಿಲ್ಲ. ಎಷ್ಟು ಜನಕ್ಕೆ ಎಷ್ಟು ಲೈನ್ ಇಟ್ಟರೆ ಸಾಕು ಎಂಬುದನ್ನು ಡೆನ್ಮಾರ್ಕಿನ ಏರ್ಲಾಂಗ್ ಎಂಬ ಗಣಿತಜ್ಞ ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದುಕೊಂಡು ಲೆಕ್ಕ ಹಾಕಿದ. 1909ರಲ್ಲಿ ಮೊದಲ ಲೇಖನ, 1917ರಲ್ಲಿ ಸೂತ್ರ. ಅದೇ ಸೂತ್ರ ಇವತ್ತಿಗೂ ಕಾಲ್ ಸೆಂಟರುಗಳಲ್ಲಿ ಓಡುತ್ತಿದೆ. ಮಾರ್ಚ್ 31ರ ಸಂಜೆ ನಮ್ಮ ಆಫೀಸಿನಲ್ಲಿ ಎಲ್ಲರಿಗೂ ಒಟ್ಟಿಗೇ ಲೈನ್ ಬೇಕಾಗುತ್ತಿತ್ತು. ಅವತ್ತು ಏರ್ಲಾಂಗ್ ಸಾಹೇಬರ ಲೆಕ್ಕ ನಡೆಯುತ್ತಿರಲಿಲ್ಲ, ನಮ್ಮನ್ನು ಕಾಯುತ್ತಿದ್ದವರು ಬಾವೂಜಿ.

ಬಾವೂಜಿ ನಮ್ಮ ಟೆಲಿಫೋನ್ ಆಪರೇಟರು. 1993ರಲ್ಲಿ ನಾನು ಧಾರವಾಡದ ಕಡೆಯಿಂದ ದೆಹಲಿಗೆ ಬಂದು ಕನಾಟ್ ಪ್ಲೇಸಿನ ಹತ್ತಿರದ ಆಫೀಸು ಸೇರಿದಾಗ ಅವರು ಅಲ್ಲಿ ಆಗಲೇ ಹಳಬರು. ಹುಟ್ಟಿನಿಂದ ಕಣ್ಣು ಕಾಣದವರು. ಆ ಕಾಲದ ಬ್ಯಾಂಕು, ಸರ್ಕಾರಿ ಕಚೇರಿಗಳಲ್ಲಿ ಇದೇನೂ ಅಪರೂಪವಲ್ಲ. ದೃಷ್ಟಿ ಇಲ್ಲದವರು ಓದಿ ಮುಗಿಸಿದರೆ ಸಿಗುತ್ತಿದ್ದ ಕೆಲವೇ ಖಾಯಂ ನೌಕರಿಗಳಲ್ಲಿ ಟೆಲಿಫೋನ್ ಬೋರ್ಡೂ ಒಂದು. ಅದಕ್ಕೆಂದೇ ಅಂಧರ ಸಂಸ್ಥೆಗಳು ತರಬೇತಿ ಕೊಡುತ್ತಿದ್ದವು. ದೇಶದಲ್ಲಿ ಅಂಗವಿಕಲರ ಕಾಯ್ದೆ ಬಂದದ್ದು 1995ರಲ್ಲಿ. ಅದರ 3 ಶೇಕಡಾ ಮೀಸಲಾತಿಯಲ್ಲಿ 1 ಶೇಕಡಾ ದೃಷ್ಟಿ ಇಲ್ಲದವರಿಗೆ ಅಂತ ಬರೆದರು. ಅದಕ್ಕೂ ಮುಂಚೆಯೇ ಬಾವೂಜಿ ಬೋರ್ಡಿನ ಮುಂದೆ ಕೂತಿದ್ದರು.

ಬೋರ್ಡು ಅಂದರೆ ಹಳೆಯ ಕೈಬೋರ್ಡು. ಎದುರಿಗೆ ಸಾಲುಸಾಲು ತೂತು, ಪ್ರತಿ ತೂತಿನ ಮೇಲೂ ಒಂದು ಪುಟ್ಟ ಮುಚ್ಚಳ. ಯಾರಾದರೂ ಫೋನ್ ಎತ್ತಿದರೆ ಆ ಮುಚ್ಚಳ ಟಪ್ ಅಂತ ಬೀಳುತ್ತದೆ. ಕಣ್ಣಿದ್ದವರು ಅದನ್ನು ನೋಡುತ್ತಾರೆ, ಬಾವೂಜಿ ಬೆರಳಾಡಿಸಿ ತಿಳಿಯುತ್ತಿದ್ದರು. ಎಷ್ಟೋ ಸಲ ಬೆರಳೂ ಬೇಕಾಗುತ್ತಿರಲಿಲ್ಲ, ಸದ್ದು ಬಂದ ದಿಕ್ಕೇ ಸಾಕು. ಒಂದು ಕೈಯಲ್ಲಿ ಹಗ್ಗದಂಥ ವೈರು ಎತ್ತಿ ಕೇಳಿದವರ ತೂತಿಗೆ, ಅದರ ಜೋಡಿ ವೈರು ಬೇಕಾದವರ ತೂತಿಗೆ. "ಬಾವೂಜಿ, ಏಕ್ ಲೈನ್ ದೇ ದೀಜಿಯೇ" ಅಂತ ನಾವು ಹೇಳುವಷ್ಟರಲ್ಲಿ ಡಯಲ್ ಟೋನ್ ಕಿವಿಗೆ ಬಿದ್ದಿರುತ್ತಿತ್ತು.

ಈಗ ಫೋನಿನ ಕೈಪಿಡಿಯಲ್ಲಿ 'ಸೌಲಭ್ಯ'ಗಳು ಅಂತ ಪಟ್ಟಿ ಇರುತ್ತದಲ್ಲ, ಹೋಲ್ಡು, ಟ್ರಾನ್ಸ್‌ಫರು, ಕಾಲ್ ಪಿಕಪ್ಪು, ಫಾಲೋ ಮಿ, ಕಾನ್ಫರೆನ್ಸು... ಅಷ್ಟನ್ನೂ ಬಾವೂಜಿ ಮಾಡುತ್ತಿದ್ದರು. ಸಾಲ ವಿಭಾಗದ ಸಾಹೇಬರು ಊಟಕ್ಕೆ ಹೋದರೆ ಅವರ ಕರೆಯನ್ನು ಪಕ್ಕದ ಮೇಜಿಗೆ ಕೊಡುವುದು, ಯಾವ ಗ್ರಾಹಕ ಸಿಟ್ಟಿನಲ್ಲಿದ್ದಾನೆ ಅಂತ ದನಿಯಲ್ಲೇ ತಿಳಿದು ಅವನನ್ನು ಕಾಯಿಸದೇ ಇರುವುದು, ಮುಖ್ಯ ಕಚೇರಿಯಿಂದ ಕರೆ ಬಂದರೆ ಸೀಟಿನಲ್ಲಿಲ್ಲದವರನ್ನು ಯಾವ ಮೇಜಿನಲ್ಲಿ ಹರಟುತ್ತಿದ್ದರೂ ಹಿಡಿದು ತರುವುದು. ಈ ಕೊನೆಯದಕ್ಕೆ ಇಂದಿಗೂ ಯಾವ ಗುಂಡಿಯೂ ಬಂದಿಲ್ಲ.

ಆಪರೇಟರನ್ನು ಮಧ್ಯದಿಂದ ತೆಗೆಯಬೇಕು ಎಂಬ ಹಟ ಹೊಸದೇನಲ್ಲ. ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಿ ಸ್ಟ್ರೌಜರ್ ಎಂಬ ಶವಸಂಸ್ಕಾರದ ವ್ಯಾಪಾರಿ ಇದ್ದ. ತನಗೆ ಬರಬೇಕಾದ ಕರೆಗಳನ್ನು ಎಕ್ಸ್‌ಚೇಂಜಿನ ಆಪರೇಟರು ತನ್ನ ಪ್ರತಿಸ್ಪರ್ಧಿಗೆ ಕೊಡುತ್ತಾಳೆ ಅಂತ ಅವನಿಗೆ ಸಂಶಯ ಬಂತು, ಆ ಸಿಟ್ಟಿನಲ್ಲಿ ಆಪರೇಟರೇ ಬೇಡದ ಯಂತ್ರ ಕಂಡುಹಿಡಿದ ಅಂತ ಕಥೆ. ಸಂಶಯ ನಿಜವೋ ಸುಳ್ಳೋ, 1891ರಲ್ಲಿ ಪೇಟೆಂಟ್ ಸಿಕ್ಕಿದ್ದು ನಿಜ. ಆ ತರಹದ ಸ್ವಯಂಚಾಲಿತ ಎಕ್ಸ್‌ಚೇಂಜ್ ಭಾರತಕ್ಕೆ ಬಂದದ್ದು 1913-14ರಲ್ಲಿ, ಶಿಮ್ಲಾಕ್ಕೆ, 700 ಲೈನುಗಳದ್ದು. ಬೇಸಿಗೆಯಲ್ಲಿ ಬ್ರಿಟಿಷ್ ಸರ್ಕಾರವೇ ಅಲ್ಲಿಗೆ ಹೋಗಿ ಕೂರುತ್ತಿತ್ತಲ್ಲ! ಸ್ವಾತಂತ್ರ್ಯ ಬಂದ ಮೇಲೆ ಈ ಯಂತ್ರಗಳನ್ನು ನಾವೇ ಮಾಡಿಕೊಳ್ಳಲಿಕ್ಕೆ 1948ರಲ್ಲಿ ಬೆಂಗಳೂರಿನಲ್ಲಿ ಐಟಿಐ ಶುರುವಾಯಿತು. ದೂರವಾಣಿನಗರ ಎಂಬ ಹೆಸರು ಬಂದದ್ದೇ ಅದರಿಂದ. ಆ ಕಾಲದ ಕಚೇರಿಗಳ ಕಪ್ಪು, ಭಾರದ ಫೋನನ್ನು ತಿರುಗಿಸಿ ನೋಡಿದರೆ ಅಡಿಯಲ್ಲಿ ಬೆಂಗಳೂರಿನ ಹೆಸರು ಇರುತ್ತಿತ್ತು. ದೆಹಲಿಯ ಮೊದಲ ಚಳಿಗಾಲದಲ್ಲಿ ನನಗೆ ಅಷ್ಟೇ ಸಮಾಧಾನ.

ಆ ಡಯಲ್ ಫೋನಿನ ಗುಟ್ಟು ಸರಳ. ನೀವು 5 ತಿರುಗಿಸಿದರೆ ಲೈನು ಐದು ಸಲ ಕತ್ತರಿಸಿ ಸೇರುತ್ತದೆ, ಸೊನ್ನೆಗೆ ಹತ್ತು ಸಲ. ಸೆಕೆಂಡಿಗೆ ಹತ್ತರ ಲೆಕ್ಕದಲ್ಲಿ. ಹಾಗಾಗಿ ರಿಸೀವರ್ ಇಡುವ ಗುಂಡಿಯನ್ನೇ ತಾಳಕ್ಕೆ ಸರಿಯಾಗಿ ಕುಟ್ಟಿದರೂ ನಂಬರ್ ಹೋಗುತ್ತದೆ. ನನ್ನ ಮೊದಲ ಬ್ರಾಂಚಿನಲ್ಲಿ ಮ್ಯಾನೇಜರರು ಸಂಜೆ ಡಯಲಿನ ತೂತಿಗೆ ಪುಟ್ಟ ಬೀಗ ಹಾಕಿ ಕೀಲಿಯನ್ನು ಜೇಬಿಗಿಳಿಸುತ್ತಿದ್ದರು. ಅವರು ಹೋದ ಮೇಲೆ ಒಬ್ಬ ಕ್ಲರ್ಕು ತಬಲಾ ಬಾರಿಸಿದ ಹಾಗೆ ಕುಟ್ಟಿ ಮಾವನ ಮನೆಗೆ ಮಾತಾಡುತ್ತಿದ್ದ. ಬಿಲ್ಲು ಬಂದಾಗ ಮ್ಯಾನೇಜರರ ಮುಖ ನೋಡಬೇಕಿತ್ತು.

ಇಪಿಎಬಿಎಕ್ಸಿನಲ್ಲಿ ಕರೆಯನ್ನು ವರ್ಗ ಮಾಡುವಾಗ ಒತ್ತುವ 'ಆರ್' ಗುಂಡಿಯೂ ಇದೇ ಕುಟ್ಟುವಿಕೆಯ ಮರಿಮಗ. ಲೈನನ್ನು ಒಂದೇ ಸಲ, ಸೆಕೆಂಡಿನ ಹತ್ತನೇ ಒಂದು ಭಾಗವೋ ಅರ್ಧ ಸೆಕೆಂಡೋ, ಯಂತ್ರದ ಸೆಟ್ಟಿಂಗಿನಂತೆ ಕಡಿಯುತ್ತದೆ. ಯಂತ್ರ ಅದನ್ನು ಕಂಡು "ಇವನಿಗೆ ಏನೋ ಬೇಕು" ಅಂತ ಮೊದಲ ಕರೆಯನ್ನು ಹೋಲ್ಡಿನಲ್ಲಿಟ್ಟು ಹೊಸ ಟೋನ್ ಕೊಡುತ್ತದೆ. ಗುಂಡಿ ಇಲ್ಲದ ಫೋನಿನಲ್ಲಿ ಕೈಯಿಂದ ಕುಟ್ಟಬೇಕು, ಸ್ವಲ್ಪ ಹೆಚ್ಚು ಹೊತ್ತು ಒತ್ತಿದಿರೋ ಗ್ರಾಹಕ ಕಟ್.

ಇಷ್ಟೆಲ್ಲ ಬುದ್ಧಿ ಪೆಟ್ಟಿಗೆಯೊಳಗೆ ಬಂದದ್ದು ಎಲೆಕ್ಟ್ರಾನಿಕ್ಸಿನಿಂದ. 1963ರಲ್ಲಿ ಫ್ಲಾರಿಡಾದ ಕೋಕೊ ಬೀಚಿನಲ್ಲಿ ಬೆಲ್ ಕಂಪನಿ ಕಚೇರಿಗಳಿಗಾಗಿ ಮೊದಲ ಎಲೆಕ್ಟ್ರಾನಿಕ್ ವ್ಯವಸ್ಥೆ ಹಾಕಿತು. ಎರಡು ವರ್ಷದ ನಂತರ ಅಲ್ಲಿನ ಊರ ಎಕ್ಸ್‌ಚೇಂಜುಗಳಲ್ಲೂ ಕಾಲ್ ಫಾರ್ವರ್ಡಿಂಗ್, ಮೂವರ ಮಾತು ಎಲ್ಲ ಶುರುವಾಯಿತು. ನಮ್ಮಲ್ಲಿ ಆಗ ಫೋನ್ ಸಿಗುವುದೇ ಒಂದು ಯೋಗ. ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬೇಕಿತ್ತು. ಕಚೇರಿಗೆ ಬೇಕಾದ ಸಲಕರಣೆ ಮಾಡಲು ಖಾಸಗಿಯವರಿಗೆ ಸರ್ಕಾರ ಬಾಗಿಲು ತೆರೆದದ್ದು 1984ರಲ್ಲಿ. ಅದೇ ವರ್ಷ ಆಗಸ್ಟಿನಲ್ಲಿ ಸಿ-ಡಾಟ್ ಹುಟ್ಟಿತು. ಶಿಕಾಗೋದಲ್ಲಿ ಡಿಜಿಟಲ್ ಎಕ್ಸ್‌ಚೇಂಜುಗಳ ಕೆಲಸ ಮಾಡಿದ್ದ ಸ್ಯಾಮ್ ಪಿತ್ರೋಡಾ, ಜೊತೆಗೆ ಜಿ.ಬಿ. ಮೀಮಾಂಸಿ, ಮತ್ತೆ ಆಗಷ್ಟೇ ಕಾಲೇಜು ಮುಗಿಸಿದ ಹುಡುಗ ಹುಡುಗಿಯರು. ದೆಹಲಿಯಲ್ಲಿ ಚಾಣಕ್ಯಪುರಿಯ ಅಕ್ಬರ್ ಹೋಟೆಲಿನ ಕಟ್ಟಡದಲ್ಲಿ ಕಚೇರಿ, ಬೆಂಗಳೂರಿನಲ್ಲಿ ಇನ್ನೊಂದು ಕೇಂದ್ರ. 36 ತಿಂಗಳು, 36 ಕೋಟಿ ರೂಪಾಯಿ ಎಂಬ ಕರಾರು. ಬ್ಯಾಂಕಿನ ಲೆಕ್ಕದಲ್ಲಿ ನೋಡಿದರೆ ಇದು ಧೈರ್ಯದ ಪ್ರಾಜೆಕ್ಟು, ನನ್ನ ಮೇಜಿಗೆ ಬಂದಿದ್ದರೆ ನಾನು ಸಾಲ ಮಂಜೂರು ಮಾಡುತ್ತಿದ್ದೆನೋ ಇಲ್ಲವೋ!

ಅವರು ಮೊದಲು ಮಾಡಿದ್ದೇ 128 ಪೋರ್ಟಿನ ಪಿಎಬಿಎಕ್ಸ್, ಕಚೇರಿಗೆ ಬೇಕಾದ ಪೆಟ್ಟಿಗೆ. ಅದರ ತಂತ್ರಜ್ಞಾನವನ್ನು ಖಾಸಗಿ ತಯಾರಕರಿಗೆ ಕೊಟ್ಟರು, ದೇಶದ ತುಂಬ ಕಚೇರಿಗಳಿಗೆ ಅದು ಹೋಯಿತು. ಹೆಚ್ಚುಕಡಿಮೆ ಅದೇ ಪೆಟ್ಟಿಗೆಯನ್ನು ಸ್ವಲ್ಪ ಬದಲಿಸಿ ಹಳ್ಳಿಯ ಎಕ್ಸ್‌ಚೇಂಜ್ ಮಾಡಿದರು. ನಮ್ಮ ಧೂಳು, ಸೆಕೆ ತಡೆದುಕೊಳ್ಳಬೇಕು, ಏರ್ ಕಂಡೀಷನ್ ಕೇಳಬಾರದು ಎಂಬ ಷರತ್ತಿನ ಮೇಲೆ. ಅಂಥ ಮೊದಲ ಎಕ್ಸ್‌ಚೇಂಜ್ 1986ರ ಜುಲೈನಲ್ಲಿ ಎಲ್ಲಿ ಶುರುವಾಯಿತು ಗೊತ್ತೇ? ನಮ್ಮ ಕಿತ್ತೂರಿನಲ್ಲಿ. ಚೆನ್ನಮ್ಮನ ಕಿತ್ತೂರು! ಆಗ ನಾನು ಧಾರವಾಡದಲ್ಲಿ ಪಿಯುಸಿ ಓದುತ್ತಿದ್ದೆ. ಬೆಳಗಾವಿಗೆ ಹೋಗುವಾಗಲೆಲ್ಲ ಬಸ್ಸು ಅಲ್ಲಿ ನಿಲ್ಲುತ್ತಿತ್ತು, ನಾವು ಕೋಟೆಯ ದಿಕ್ಕಿಗೆ ಕೈ ತೋರಿಸಿ ಇತಿಹಾಸ ಮಾತಾಡುತ್ತಿದ್ದೆವು. ಆ ಊರಲ್ಲೇ ಇನ್ನೊಂದು ಇತಿಹಾಸ ತಗಡಿನ ಪೆಟ್ಟಿಗೆಯೊಳಗೆ ಕೂತಿದೆ ಅಂತ ಯಾರಿಗೆ ಗೊತ್ತಿತ್ತು? ನನಗೆ ತಿಳಿದದ್ದು ದೆಹಲಿಗೆ ಬಂದು ಎಷ್ಟೋ ವರ್ಷದ ಮೇಲೆ.

ನಮ್ಮ ಆಫೀಸಿಗೆ ಎಲೆಕ್ಟ್ರಾನಿಕ್ ಪೆಟ್ಟಿಗೆ ಬಂದದ್ದು 1996ರಲ್ಲಿ. ಬಾವೂಜಿಗೆ ಕೈಬೋರ್ಡಿನ ಬದಲು ಗುಂಡಿಗಳ ಕನ್ಸೋಲ್ ಕೊಟ್ಟರು. ಬೆರಳಿಗೆ ಸಿಗುವ ಮುಚ್ಚಳ ಹೋಗಿ ದೀಪ ಬಂತು, ದೀಪ ಅವರಿಗೆ ಏನು ಹೇಳೀತು? ಆದರೂ ಎರಡು ವಾರದಲ್ಲಿ ಗೆದ್ದರು. ಒಳಗಿನ ಕರೆಗೆ ಒಂದು ತರಹದ ಗಂಟೆ, ಹೊರಗಿನದಕ್ಕೆ ಇನ್ನೊಂದು ತರಹದ್ದು. ಅಷ್ಟನ್ನೇ ಹಿಡಿದು ಉಳಿದದ್ದನ್ನು ನೆನಪಿನಲ್ಲಿಟ್ಟುಕೊಂಡರು. ನಮಗೆ ಕೋಡುಗಳನ್ನು ಕಲಿಸಿದವರೂ ಅವರೇ. ಕಂಪನಿಯ ಹುಡುಗ ಹಂಚಿದ ಚೀಟಿಯನ್ನು ನಾವೆಲ್ಲ ಕಳೆದುಕೊಂಡಿದ್ದೆವು, ಬಾವೂಜಿ ಒಮ್ಮೆ ಓದಿಸಿ ಕೇಳಿದ್ದು ಅಷ್ಟೇ.

ನಾನು ಒಮ್ಮೆ ಫಾಲೋ ಮಿ ಹಾಕಿ ಪೇಚಿಗೆ ಸಿಕ್ಕೆ. ಆಡಿಟ್ ಸಮಯ, ಮೂರು ದಿನ ದೊಡ್ಡ ಸಾಹೇಬರ ಕೋಣೆಯಲ್ಲೇ ಕೂತಿದ್ದೆ, ನನ್ನ ಕರೆಗಳೆಲ್ಲ ಅಲ್ಲಿಗೇ ಬರುವ ಹಾಗೆ ಮಾಡಿದ್ದೆ. ಕೆಲಸ ಮುಗಿದ ಮೇಲೆ ತೆಗೆಯುವುದು ಮರೆತೆ. ಊರಿಂದ ನಮ್ಮ ಅವ್ವ ಎಸ್‌ಟಿಡಿ ಬೂತಿನಿಂದ ಮಾಡಿದ ಫೋನು ನೇರ ಸಾಹೇಬರಿಗೆ ಹೋಯಿತು. ಹಿಂದಿ ಬಾರದ ಅವ್ವ "ಯಾಕೋ ತಮ್ಮಾ, ದನಿ ಬಿದ್ದದಲ್ಲೋ, ಕಷಾಯ ಕುಡದಿಯೇನು?" ಅಂತ ಪಂಜಾಬಿ ಸಾಹೇಬರನ್ನು ವಿಚಾರಿಸಿದ್ದಾಳೆ. ಮೀಟರ್ ಓಡುತ್ತಿದೆ, ಇಬ್ಬರಿಗೂ ಒಬ್ಬರ ಮಾತು ಒಬ್ಬರಿಗೆ ತಿಳಿಯದು. ಸಾಹೇಬರು ಬಾವೂಜಿಗೆ ಕೊಟ್ಟರು, ಬಾವೂಜಿ "ಮಾ" ಎಂಬ ಒಂದು ಮಾತು ಹೇಳಿ ನನ್ನನ್ನು ಹುಡುಕಿ ಕೊಟ್ಟರು.

ಆ ಸಂಗತಿ ನೆನೆದು ನಗುತ್ತಿದ್ದವನಿಗೆ ಈಚಿನ ವರ್ಷಗಳಲ್ಲಿ ನಗು ನಿಂತಿದೆ. ಫಾಲೋ ಮಿಯ ತಮ್ಮನೇ ಮೊಬೈಲಿನ ಕಾಲ್ ಫಾರ್ವರ್ಡಿಂಗ್. ಕೊರಿಯರಿನವನೆಂದೋ ಟೆಲಿಫೋನ್ ಕಂಪನಿಯವನೆಂದೋ ಹೇಳಿಕೊಂಡವನು "*401* ಒತ್ತಿ ಈ ನಂಬರ್ ಡಯಲ್ ಮಾಡಿ" ಅನ್ನುತ್ತಾನೆ. ಮಾಡಿದಿರೋ, ನಿಮ್ಮ ಕರೆಗಳೆಲ್ಲ ಕಳ್ಳನ ಫೋನಿಗೆ. ಬ್ಯಾಂಕಿನ ಒಟಿಪಿಯನ್ನು ದನಿಯಲ್ಲಿ ಹೇಳುವ ಕರೆಯೂ ಅವನಿಗೇ. ದುಡ್ಡು ಹೋದ ಮೇಲೆ ನನ್ನ ಮೇಜಿನ ಮುಂದೆ ಬಂದು ಕೂತ ಹಿರಿಯರು "ನಾನು ಒಟಿಪಿ ಯಾರಿಗೂ ಹೇಳಿಲ್ಲ ಸಾಹೇಬರೇ" ಅಂದರೆ ಅದು ಸತ್ಯ, ಅವರು ಹೇಳಿಯೇ ಇಲ್ಲ. 2024ರ ಏಪ್ರಿಲ್ 15ರಿಂದ ಹೀಗೆ ಕೋಡು ಒತ್ತಿ ಫಾರ್ವರ್ಡ್ ಮಾಡುವುದನ್ನು ನಿಲ್ಲಿಸಬೇಕೆಂದು ದೂರಸಂಪರ್ಕ ಇಲಾಖೆ ಕಂಪನಿಗಳಿಗೆ ಆದೇಶ ಕೊಟ್ಟಿತು. ಎಲ್ಲ ಫಾರ್ವರ್ಡಿಂಗ್ ಒಟ್ಟಿಗೆ ರದ್ದಾಗುವ ಕೋಡು ##002#. ಬರೆದಿಟ್ಟುಕೊಳ್ಳಿ, ಊರಲ್ಲಿರುವ ಅಪ್ಪ ಅಮ್ಮನಿಗೂ ಹೇಳಿ. ಬಾವೂಜಿಯ ಬೋರ್ಡಿನಲ್ಲಿ ಹೊರಗಿನವನೊಬ್ಬ ಬಂದು "214ರ ಕರೆಗಳನ್ನೆಲ್ಲ ಇನ್ನು ನನಗೆ ಕೊಡಿ" ಅಂದಿದ್ದರೆ ಏನು ಉತ್ತರ ಸಿಗುತ್ತಿತ್ತು ಅಂತ ನಾನು ಊಹಿಸಬಲ್ಲೆ. ಅದನ್ನು ಇಲ್ಲಿ ಬರೆಯುವ ಹಾಗಿಲ್ಲ.

2003ರಲ್ಲಿ ಆಫೀಸಿನ ಪೆಟ್ಟಿಗೆಗೆ ದನಿ ಬಂತು. ಕರೆ ಮಾಡಿದವರಿಗೆ ಒಂದು ಹೆಣ್ಣುದನಿ ಸ್ವಾಗತ ಹೇಳಿ, ಗೊತ್ತಿದ್ದರೆ ಎಕ್ಸ್‌ಟೆನ್ಷನ್ ನಂಬರ್ ಒತ್ತಿ ಅನ್ನುತ್ತಿತ್ತು. ಗೊತ್ತಿಲ್ಲದವರು ಬೀಥೋವನ್ ಕೇಳುತ್ತ ಕಾಯಬೇಕು. ಬಾವೂಜಿಯ ನೌಕರಿಗೇನೂ ಆಗಲಿಲ್ಲ, ಬ್ಯಾಂಕಿನ ನೌಕರಿ ಹಾಗೆಲ್ಲ ಹೋಗುವುದಿಲ್ಲ. ಹೋದದ್ದು ಕೆಲಸ. ಅವರನ್ನು ಟಪಾಲು ವಿಭಾಗದಲ್ಲಿ ಒಂದು ಕುರ್ಚಿ ಹಾಕಿ ಕೂರಿಸಿದರು. ಕಣ್ಣು ಕಾಣದವರಿಗೆ ಟಪಾಲು! ಕಂಪ್ಯೂಟರಿನ ಪರದೆಯನ್ನು ಓದಿ ಹೇಳುವ ತಂತ್ರಾಂಶ ಆಗಲೇ ಇತ್ತು, ನಮ್ಮ ಆಫೀಸಿಗೆ ತರಿಸಿ ಎಂದು ನಾನು ಒಂದು ನೋಟ್ ಬರೆದೆ. ಒಂದೇ ಒಂದು. ಅದು ಮೇಲೆ ಹೋಯಿತು, ಕೆಳಗೆ ಬರಲಿಲ್ಲ, ನಾನೂ ಬೆನ್ನು ಹತ್ತಲಿಲ್ಲ. ನನಗೆ ಬಡ್ತಿಯ ಪರೀಕ್ಷೆ ಇತ್ತು. ನಿವೃತ್ತಿಯವರೆಗೆ ಆರು ವರ್ಷ ಅವರು ಆ ಕುರ್ಚಿಯಲ್ಲಿ ಕೂತರು. ನಡುವೆ ಯಾರದ್ದಾದರೂ ಫೋನು ಎತ್ತುವವರಿಲ್ಲದೆ ಬಡಿದುಕೊಂಡರೆ ಪಿಕಪ್ ಕೋಡು ಒತ್ತಿ ತಾವೇ ಮಾತಾಡುತ್ತಿದ್ದರು.

ಬಾವೂಜಿ ಈಗ ಉತ್ತಮ್ ನಗರದಲ್ಲಿ ಮಗಳ ಮನೆಯಲ್ಲಿದ್ದಾರೆ, ಮೆಟ್ರೋದಲ್ಲಿ ಹತ್ತಿರವೇ. ದೀಪಾವಳಿಗೆ ತಪ್ಪದೆ ಫೋನ್ ಮಾಡುತ್ತಾರೆ. ಮಾತಾಡುವ ಮೊಬೈಲು ಇದೆ ಅವರ ಹತ್ತಿರ, ಆದರೂ ನಂಬರನ್ನು ನೆನಪಿನಿಂದಲೇ ಒತ್ತುತ್ತಾರಂತೆ. ನಾನು ಹಲೋ ಅಂದ ಕೂಡಲೇ ಹೆಸರು ಹಿಡಿದು ಕರೆಯುವುದಿಲ್ಲ. "ದೋ ಸೌ ಚೌದಾ?" ಅನ್ನುತ್ತಾರೆ. ನಾನು "ಹಾಂ ಬಾವೂಜಿ, ಇನ್ನೂರ ಹದಿನಾಲ್ಕೇ" ಅಂತ ಕನ್ನಡ ಬೆರೆಸಿ ಹೇಳಿದರೆ ಅವರಿಗೆ ಅದೂ ತಿಳಿಯುತ್ತದೆ.