ಬಿದ್ದರೂ ಚಿಗುರುವ ತೋಪು

ಗುರಿ ತಪ್ಪಿದಾಗ ಕೈಚೆಲ್ಲುವವರು ದೇವನಹಳ್ಳಿ ತಾಲ್ಲೂಕಿನ ನಲ್ಲೂರಿಗೆ ಒಮ್ಮೆ ಹೋಗಿಬರಬೇಕು. ಅಲ್ಲಿ ಸುಮಾರು 54 ಎಕರೆಯ ಹುಣಸೆ ತೋಪಿದೆ. ಮರಗಳು ಹತ್ತಿರಹತ್ತಿರ 300. ಚೋಳರ ಕಾಲದವು ಎನ್ನುತ್ತಾರೆ ಊರವರು. ನಂಬಿಕೆ ಹಾಗಿರಲಿ, ಶತಮಾನಗಳ ವಯಸ್ಸು ಕಾಂಡದ ಗಂಟುಗಳಲ್ಲೇ ಕಾಣುತ್ತದೆ.

ಹಲವು ಮರಗಳ ಒಡಲು ಪೂರ್ತಿ ಪೊಳ್ಳು. ಆದರೂ ಹೊರಪದರ ಬದುಕಿದೆ. ಮರದ ಜೀವ ತೊಗಟೆಯಡಿಯ ತೆಳುಪದರದಲ್ಲಿರುವುದರಿಂದ, ತಿರುಳು ಕೊಳೆತರೂ ನೀರು, ಆಹಾರ ಮೇಲೆ ಕೆಳಗೆ ಓಡಾಡುತ್ತಲೇ ಇರುತ್ತವೆ. ಕಡಿದ ಹುಣಸೆಯ ಬುಡವೂ ಮತ್ತೆ ಚಿಗುರಬಲ್ಲದು. ಛಲ ಎಂದರೆ ಇಷ್ಟೇ ಇರಬೇಕು: ಕಳೆದುಕೊಂಡದ್ದನ್ನು ಬಿಟ್ಟು, ಉಳಿದದ್ದರಿಂದ ಶುರುಮಾಡುವುದು.

2007ರಲ್ಲಿ ಈ ತೋಪು ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಮರುವರ್ಷವೇ ದೇವನಹಳ್ಳಿ ಬಳಿ ವಿಮಾನ ನಿಲ್ದಾಣ ಬಂತು, ಸುತ್ತಲಿನ ನೆಲದ ಬೆಲೆ ಗಗನಕ್ಕೇರಿತು. ಕಾನೂನಿನ ರಕ್ಷಣೆ ಸಿಕ್ಕಿದ್ದು ಸಕಾಲದಲ್ಲೇ.